ಸೊಂಟದ ಪಟ್ಟಿ ಬಿಚ್ಚಿಟ್ಟ ಮೇಲೆ

ನಾನು ಬೆಂಗಳೂರಿನಲ್ಲಿ ಬೆಲ್ಲಿ ಡ್ಯಾನ್ಸ್ ಕಲಿಸುತ್ತೇನೆ. ಈಜಿಪ್ಟಿನ ಕಡೆ ಇದಕ್ಕೆ ರಕ್ಸ್ ಶರ್ಕಿ ಅನ್ನುತ್ತಾರೆ, ಅಂದರೆ ಪೂರ್ವದ ನೃತ್ಯ. ಇದಕ್ಕೆ ಕಂಟೆಂಪರರಿ ಅನ್ನುವ ಆಧುನಿಕ ನೃತ್ಯ ಸೇರಿಸಿ ಶೋಗಳನ್ನೂ ಮಾಡುತ್ತೇನೆ. ಅಮ್ಮ ಮಾತ್ರ ನೆಂಟರ ಮುಂದೆ ಇವತ್ತಿಗೂ "ಅದೇನೋ ಡ್ಯಾನ್ಸ್ ಕ್ಲಾಸು" ಅಂತ ಹೇಳಿ ಮಾತು ಬದಲಿಸುತ್ತಾಳೆ.

ಮೊದಲು ಹತ್ತು ವರ್ಷ ಭರತನಾಟ್ಯ ಕಲಿತವಳು ನಾನು. ಮಂಡಿ ಮಡಚಿ ಅರೆಮಂಡಿಯಲ್ಲಿ ಕೂತು ತಟ್ಟಡವಿನ ಹೆಜ್ಜೆ ಹಾಕುವಾಗ ಸೊಂಟ ಒಂಚೂರು ಆಚೀಚೆ ಆದರೂ ಗುರುಗಳ ಕೋಲು ಅಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಬೆಲ್ಲಿ ಡ್ಯಾನ್ಸಿಗೆ ಬಂದರೆ, ಬರೀ ಸೊಂಟ ಅಲ್ಲಾಡಬೇಕು, ಎದೆ ಅಲ್ಲಾಡಬಾರದು! ಮೂರು ತಿಂಗಳು ಒದ್ದಾಡಿದೆ. ಶಿಮ್ಮಿ, ಅಂದರೆ ಸೊಂಟದ ಬಿಡುವಿಲ್ಲದ ಅಲುಗಾಟ, ಹೊರಡುವುದು ಸೊಂಟದಿಂದಲ್ಲ, ಮಂಡಿಯಿಂದ. ಒಂದು ಮಂಡಿ ಮಡಚುವಾಗ ಇನ್ನೊಂದು ನೇರವಾಗಬೇಕು, ಸೊಂಟ ಸುಮ್ನೆ ಅದರ ಹಿಂದೆಯೇ ಬರುತ್ತದೆ. ಇದು ತಲೆಗೆ ಹೋದ ದಿನ ಮನೆಯಲ್ಲಿ ಅನ್ನಕ್ಕಿಟ್ಟು ಒಲೆ ಮುಂದೆಯೇ ಶಿಮ್ಮಿ ಮಾಡುತ್ತಾ ನಿಂತಿದ್ದೆ.

ತಾಳದಲ್ಲಿ ಮಾತ್ರ ಕಷ್ಟ ಆಗಲಿಲ್ಲ. ದರ್ಬುಕ ಅನ್ನುವ ಅರಬ್ ಡ್ರಮ್ಮಿನ ನಡುವೆ ಬಡಿದರೆ ದುಮ್, ಅಂಚಿಗೆ ಬಡಿದರೆ ತೆಕ್. ಮಕ್ಸೂಮ್ ಅನ್ನುವ ತಾಳ 'ದುಮ್ ತೆಕ್, ತೆಕ್ ದುಮ್, ತೆಕ್' ಅಂತ ಹೋಗುತ್ತದೆ. ಸೊಲ್ಲುಕಟ್ಟು, ಅಂದರೆ ಭರತನಾಟ್ಯದ ತಾಳದ ಮಾತುಗಳನ್ನು, ಬಾಯಲ್ಲಿ ಹೇಳಿ ಬೆಳೆದವರಿಗೆ ಇದೇನು ಮಹಾ, ಅಲ್ವಾ?

ಬೆರಕೆ ಮಾಡುವ ಕಡೆ ಎಡವಿದೆ. ನನ್ನ ಮೊದಲ ಸೋಲೋ ಹನ್ನೆರಡು ನಿಮಿಷದ್ದು. ಬಿಲ್ಲೆಗಳ ಸೊಂಟದ ಪಟ್ಟಿ ಕಟ್ಟಿಕೊಂಡು ಒಂದು ನಿಮಿಷ ಶರ್ಕಿ, ಒಂದು ನಿಮಿಷ ಕಂಟೆಂಪರರಿ, ಮತ್ತೆ ಶರ್ಕಿ, ಹೀಗೆ ಚಾನೆಲ್ ಬದಲಿಸಿದ ಹಾಗೆ ಮಾಡಿದೆ. ನಡುವೆ ತಕ್ಸೀಮ್ ಬಂತು. ತಕ್ಸೀಮ್ ಅಂದರೆ ಒಂದೇ ವಾದ್ಯ, ತಾಳದ ಹಂಗಿಲ್ಲದೆ, ನಮ್ಮ ಆಲಾಪದ ಹಾಗೆ. ಅಲ್ಲಿ ನೆಲಕ್ಕೆ ಬಿದ್ದು ಉರುಳಿದೆ. ಬಿಲ್ಲೆಗಳು ಸೊಂಟದ ಮೂಳೆಗೆ ಒತ್ತಿ ಪ್ರಾಣ ಹೋಯಿತು. ಶೋ ಮುಗಿದ ಮೇಲೆ ಸೌಂಡಿನ ಹುಡುಗ, "ಅಕ್ಕಾ, ಯಾರೋ ಚಿಲ್ಲರೆ ಚೆಲ್ಲಿದ ಹಾಗೆ ಕೇಳಿಸ್ತು" ಅಂದ. ಪಾಪ, ಬೇಜಾರು ಮಾಡಬೇಕು ಅಂತ ಹೇಳಿದ್ದಲ್ಲ.

ಆ ವಾರವೆಲ್ಲ ವಿಡಿಯೋ ನೋಡಿದೆ. ಶರ್ಕಿಯಲ್ಲಿ ಕಾಲು ನೆಲದ ಮೇಲೆ ನಿಂತು ಸೊಂಟ ಮಾತಾಡುತ್ತದೆ, ಕಂಟೆಂಪರರಿಯಲ್ಲಿ ಇಡೀ ಮೈಭಾರವನ್ನೇ ನೆಲಕ್ಕೆ ಕೊಡುತ್ತೇವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಭಾರ ಯಾವ ಕಾಲಲ್ಲಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಈಗ ನನ್ನ ಶೋಗಳಲ್ಲಿ ಪಟ್ಟಿ ಕಟ್ಟುವುದಿಲ್ಲ. ಡ್ರಮ್ ಇದ್ದಾಗ ನಿಂತೇ ಇರುತ್ತೇನೆ. ತಕ್ಸೀಮ್ ಬಂದಾಗ ಸೊಂಟದಲ್ಲಿ ಬರೆಯುವ ಎಂಟರ ಆಕಾರವನ್ನು ದೊಡ್ಡದು ಮಾಡುತ್ತಾ, ಒಂದು ಕಾಲಿಗೆ ಭಾರ ಬಿಟ್ಟು, ಮಂಡಿ ಮಡಚಿ, ಹಾಗೇ ನೆಲಕ್ಕೆ ಜಾರುತ್ತೇನೆ. ಎಲ್ಲಿ ಶರ್ಕಿ ಮುಗಿಯಿತು ಅಂತ ನನಗೇ ಗೊತ್ತಾಗಬಾರದು.

"ಶುದ್ಧ ಶೈಲಿ ಕೆಡಿಸ್ತೀರಿ" ಅನ್ನುವವರು ಇದ್ದಾರೆ. ಆದರೆ 1926ರಲ್ಲಿ ಬದಿಯಾ ಮಸಾಬ್ನಿ ಅನ್ನುವ ನರ್ತಕಿ ಕೈರೋದಲ್ಲಿ ಕ್ಲಬ್ ತೆರೆದಾಗಿನಿಂದ ಅಲ್ಲಿನ ವೇದಿಕೆಯ ಶರ್ಕಿಗೆ ಹೊರಗಿನ ನೃತ್ಯಗಳು ಸೇರುತ್ತಲೇ ಬಂದಿವೆ. ನಾನೇನು ಮೊದಲಿನವಳಲ್ಲ.

ಪಟ್ಟಿಯನ್ನು ಎಸೆದಿಲ್ಲ. ಮನೆ ಬಾಡಿಗೆಗೆ ಇವತ್ತಿಗೂ ಆಗಿಬರುವುದು ಕ್ಲಾಸು ಮತ್ತು ಮದುವೆ ಸಂಗೀತ್‌ಗಳೇ. ಅರ್ಧ ದುಡ್ಡು ಮುಂಗಡ ತಗೊಂಡು, ಅವರು ಕೇಳಿದ ಹಾಗೆ ಬಿಲ್ಲೆ ಕಟ್ಟಿಕೊಂಡೇ ಹೋಗುತ್ತೇನೆ. ಆ ಡಿಜೆ ಸದ್ದಿನಲ್ಲಿ ಚಿಲ್ಲರೆ ಚೆಲ್ಲಿದ್ದು ಯಾರಿಗೂ ಕೇಳಿಸುವುದಿಲ್ಲ.