ಕಣ್ಣಿಗೆ ಕಂಡದ್ದು ಹುಡುಕಿದರೆ ಸಿಗಲಿಲ್ಲ

ಬೆಳಿಗ್ಗೆ ಬಂದ ಟಿಕೆಟ್‌ನಲ್ಲಿ, ಅಂದರೆ ಬಳಕೆದಾರರ ದೂರಿನಲ್ಲಿ, ಎರಡೇ ಸಾಲು. "ಪಟ್ಟಿಯಲ್ಲಿ 'ಕೋಶ' ಅಂತ ಕಾಣ್ತಿದೆ. ಹುಡುಕಿದ್ರೆ ಬರ್ತಿಲ್ಲ." ಜೊತೆಗೆ ಎರಡು ಸ್ಕ್ರೀನ್‌ಶಾಟ್. ಒಂದರಲ್ಲಿ ಹುಡುಕುವ ಪೆಟ್ಟಿಗೆಯೊಳಗೆ ಕೋಶ, ಕೆಳಗೆ ಸೊನ್ನೆ ಫಲಿತಾಂಶ. ಇನ್ನೊಂದರಲ್ಲಿ ಪೂರ್ತಿ ಪಟ್ಟಿ, ಅದರ ನಡುವೆ ಅದೇ ಕೋಶ. ಸ್ಕ್ಯಾನ್ ಮಾಡಿದ ಕಡತಗಳ ಸೂಚಿ ಅದು. ಸರ್ವರ್ ಬರೆದದ್ದು ಪೈಥಾನ್ ಭಾಷೆಯಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಐಫೋನ್ ಆ್ಯಪ್ ಸ್ವಿಫ್ಟ್ ಭಾಷೆಯಲ್ಲಿ.

ಇಂಥ ದೂರು ಬಂದಾಗ ಕೈ ಮೊದಲು ಹೋಗುವುದು ಕ್ಯಾಶ್ ಕಡೆಗೆ, ಅಂದರೆ ಬೇಗ ಸಿಗಲೆಂದು ತಾತ್ಕಾಲಿಕವಾಗಿ ಇಟ್ಟ ಪ್ರತಿಯ ಕಡೆಗೆ. ಅದನ್ನು ಖಾಲಿ ಮಾಡಿದ್ದಾಯಿತು, ಇಂಡೆಕ್ಸ್ ಮತ್ತೆ ಕಟ್ಟಿದ್ದಾಯಿತು, ಏನೂ ಬದಲಾಗಲಿಲ್ಲ. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಸರ್ವರ್‌ನ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು: ಕೇಳಿದ ಪದ ಇಲ್ಲ, ಇಲ್ಲ ಎಂದು ಹೇಳಿದೆ. ತಪ್ಪು ಉತ್ತರವನ್ನು ಸರಿಯಾದ ರೀತಿಯಲ್ಲಿ ಕೊಡುವ ಬಗ್‌ಗಳು ಹೀಗೆಯೇ ಹೊತ್ತು ತಿನ್ನುತ್ತವೆ. ದಾರಿ ಇನ್ನಷ್ಟು ತಪ್ಪಿಸಿದ್ದು ಐಫೋನ್ ಆ್ಯಪ್. ಫೋನಿಗೆ ಇಳಿದ ಪಟ್ಟಿಯಲ್ಲಿ ಅದೇ ಹೆಸರನ್ನು ಹೋಲಿಸಿ ನೋಡಿದರೆ ಸಿಗುತ್ತಿತ್ತು, ಸರ್ವರ್‌ಗೆ ಕೇಳಿದರೆ ಮಾತ್ರ ಸಿಗುತ್ತಿರಲಿಲ್ಲ.

ಅನಂತರ ಮಾಡಿದ್ದು ಬಹಳ ಸರಳ ಕೆಲಸ. ಬೇರೆ ಬೇರೆ ಪದಗಳನ್ನು ಒಂದೊಂದಾಗಿ ಹುಡುಕಿ, ಸಿಕ್ಕಿದ್ದು ಒಂದು ಕಡೆ, ಸಿಗದಿದ್ದು ಇನ್ನೊಂದು ಕಡೆ ಬರೆದುಕೊಳ್ಳುವುದು. ಮರ, ಕಾಡು, ಹೂವು, ಮೌನ ಸಿಕ್ಕವು. ನೀರು, ಮೇಘ, ಕೈಪಿಡಿ, ಕೊಡ, ಕೋಶ ಸಿಗಲಿಲ್ಲ. ಕಾಗುಣಿತ ಕಲಿತವರಿಗೆ ಈ ಎರಡನೇ ಸಾಲು ಏನೋ ಹೇಳುತ್ತದೆ. ಈ, ಏ, ಐ, ಒ, ಓ ಎಂಬ ಐದು ಸ್ವರಗಳ ಚಿಹ್ನೆ ಇರುವ ಪದಗಳು ಮಾತ್ರ ಮಾಯವಾಗುತ್ತಿವೆ. ಲಿಪಿ ಬಾರದವರಿಗೆ ಈ ಸುಳಿವು ಕಣ್ಣಿಗೇ ಬೀಳುವುದಿಲ್ಲ. ಕನ್ನಡದ ಡೇಟಾ ಇರುವ ತಂಡದಲ್ಲಿ ಕನ್ನಡ ಓದಬಲ್ಲವರು ಒಬ್ಬರಾದರೂ ಇರಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಇನ್ನೊಂದು ಸುಳಿವು ಕಾಪಿ-ಪೇಸ್ಟ್‌ನಲ್ಲಿ ಸಿಕ್ಕಿತು. ಪಟ್ಟಿಯಿಂದಲೇ 'ಕೋಶ'ವನ್ನು ಕಾಪಿ ಮಾಡಿ ಪೆಟ್ಟಿಗೆಗೆ ಹಾಕಿದರೆ ಆ ದಾಖಲೆ ಬಂತು. ಆದರೆ ಅದೇ ಪದವನ್ನು ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಮತ್ತೆ ಸೊನ್ನೆ. ಅಂದರೆ ನೋಡಲು ಒಂದೇ ಆಗಿರುವ ಎರಡು ಪದಗಳು ಒಳಗೆ ಬೇರೆ ಬೇರೆ.

ಇಲ್ಲಿಗೆ ಬಂದ ಮೇಲೆ ಊಹೆ ಬಿಟ್ಟು ಸಂಖ್ಯೆ ನೋಡಬೇಕು. ಪೈಥಾನ್‌ನ 'ಆರ್ಡ್' ಫಂಕ್ಷನ್ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆ, ಅಂದರೆ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರ್‌ಗಳೆಲ್ಲ ಒಪ್ಪಿಕೊಂಡ ಸಂಖ್ಯೆ, ಕೊಡುತ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಮೀಸಲಾದ ಜಾಗ ದಶಮಾನದಲ್ಲಿ 3200ರಿಂದ 3327ರವರೆಗೆ, ಒಟ್ಟು 128 ಮನೆ. ಟೈಪ್ ಮಾಡಿದ ಕೋಶದಲ್ಲಿ ಮೂರು ಸಂಖ್ಯೆ: 3221, 3275, 3254. ಅಂದರೆ ಕ, ಓ ಚಿಹ್ನೆ, ಶ. ಪಟ್ಟಿಯಲ್ಲಿದ್ದ ಕೋಶದಲ್ಲಿ ಐದು: 3221, 3270, 3266, 3285, 3254. ಕ, ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಗುರುತು, ಶ. ಈ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ 3 ಬೈಟ್ ಬೇಕು. ಹಾಗಾಗಿ ಒಂದು 9 ಬೈಟ್, ಇನ್ನೊಂದು 15 ಬೈಟ್. ಫಾಂಟ್ ಎರಡನ್ನೂ ಒಂದೇ ರೀತಿ ಬಿಡಿಸುತ್ತದೆ.

ಇದು ಕೆಟ್ಟುಹೋದ ಡೇಟಾ ಅಲ್ಲ. ಎರಡು ಬರವಣಿಗೆಯೂ ಯೂನಿಕೋಡ್ ಪ್ರಕಾರ ಸರಿ, ಎರಡೂ ಸಮಾನ. 'ಈ' ಸ್ವರದ ಚಿಹ್ನೆ 3264 ಒಡೆದರೆ 3263 ಮತ್ತು 3285. ಏ 3271 ಒಡೆದರೆ 3270 ಮತ್ತು 3285. ಐ 3272ಕ್ಕೆ 3270 ಮತ್ತು 3286. ಒ 3274ಕ್ಕೆ 3270 ಮತ್ತು 3266. ಓ ಮಾತ್ರ ಮೂರು ತುಂಡಾಗುತ್ತದೆ. ಔ ಚಿಹ್ನೆಗೆ ಇಂಥ ಒಡಕು ಇಲ್ಲ, ಅದಕ್ಕೇ 'ಮೌನ' ಸಿಕ್ಕಿದ್ದು. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಪೈಥಾನ್ ಎರಡು ಸ್ಟ್ರಿಂಗ್‌ಗಳನ್ನು ಸಂಖ್ಯೆ ಸಂಖ್ಯೆಗೆ ಹೋಲಿಸುತ್ತದೆ. ಪೋಸ್ಟ್‌ಗ್ರೆಸ್ ಮಾಮೂಲಿ ಕೊಲೇಶನ್‌ನಲ್ಲಿ (ಪಠ್ಯ ಹೋಲಿಸುವ ನಿಯಮದಲ್ಲಿ) ಬೈಟ್‌ಗಳು ತದ್ವತ್ ಒಂದೇ ಇದ್ದರೆ ಮಾತ್ರ ಸಮ ಎನ್ನುತ್ತದೆ. ಸ್ವಿಫ್ಟ್‌ನಲ್ಲಿ ಸಮ ಚಿಹ್ನೆ ಯೂನಿಕೋಡ್ ಸಮಾನತೆಯನ್ನೇ ನೋಡುತ್ತದೆ, ಹಾಗಾಗಿ ಫೋನಿನಲ್ಲಿ ಪದ ಸಿಕ್ಕಿತ್ತು. ಬೆಳಗಿನ ಗೊಂದಲದ ಗಂಟು ಅಲ್ಲಿಗೆ ಬಿಚ್ಚಿತು.

ಬಿಡಿಸಿದ ರೂಪ ಬಂದದ್ದು ಎಲ್ಲಿಂದ? ಸಾಮಾನ್ಯವಾಗಿ ಯಾವ ಕೀಬೋರ್ಡೂ ಹಾಗೆ ಬರೆಯುವುದಿಲ್ಲ. ಸಿಗದ ದಾಖಲೆಗಳೆಲ್ಲ ಒಂದೇ ಜಿಪ್‌ನಿಂದ ಬಂದಿದ್ದವು, ಶೀರ್ಷಿಕೆಯನ್ನು ಕಡತದ ಹೆಸರಿನಿಂದ ತೆಗೆದುಕೊಳ್ಳಲಾಗಿತ್ತು. ಆ ಕಡತಗಳಿದ್ದದ್ದು ಮ್ಯಾಕ್‌ನ ಹಳೆಯ ಡಿಸ್ಕ್‌ನಲ್ಲಿ. 1998ರಲ್ಲಿ ಬಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಕಡತ ಇಡುವ ವ್ಯವಸ್ಥೆ) ಕಡತದ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ, ಅದರ ವಿನ್ಯಾಸವೇ ಹಾಗೆ. 2017ರಲ್ಲಿ ಅದರ ಜಾಗಕ್ಕೆ ಬಂದ ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಕೊಟ್ಟಂತೆ ಉಳಿಸುತ್ತದೆ. ಹಳೆಯ ಡಿಸ್ಕ್‌ನಿಂದ ಜಿಪ್ ಆಗಿ ಹೊರಟ ಹೆಸರುಗಳು ಸರ್ವರ್‌ನ ಲಿನಕ್ಸ್‌ಗೆ ಬಂದರೂ ಒಡೆದೇ ಇದ್ದವು, ಏಕೆಂದರೆ ಅಲ್ಲಿನ ಫೈಲ್ ಸಿಸ್ಟಮ್ ಆದ ಎಕ್ಸ್ಟ್4ಗೆ ಹೆಸರು ಎಂದರೆ ಬರೀ ಬೈಟ್‌ಗಳು.

ಕಾರಣ ಗೊತ್ತಾದ ಕೂಡಲೇ "ಎಲ್ಲವನ್ನೂ ಎನ್‌ಎಫ್‌ಸಿಗೆ ತಿರುಗಿಸಿಬಿಡೋಣ" ಎನ್ನಿಸುತ್ತದೆ. ಇಲ್ಲಿ ನಿಧಾನಿಸಬೇಕು. ಶೀರ್ಷಿಕೆಯನ್ನು ತಿರುಗಿಸಬಹುದು, ಕಡತದ ಪಾತ್ (ಡಿಸ್ಕ್‌ನಲ್ಲಿ ಅದು ಇರುವ ವಿಳಾಸ) ಇರುವ ಕಾಲಂ ಮುಟ್ಟಬಾರದು. ಡಿಸ್ಕ್‌ನಲ್ಲಿ ಹೆಸರು 15 ಬೈಟ್ ಇದ್ದು ಡೇಟಾಬೇಸ್‌ನಲ್ಲಿ 9 ಬೈಟ್ ಆದರೆ ಕಡತ ತೆರೆಯುವುದೇ ಇಲ್ಲ. ಆಗ ಹುಡುಕಿದರೆ ಸಿಗುತ್ತದೆ, ಒತ್ತಿದರೆ 404, ಅಂದರೆ 'ಸಿಗಲಿಲ್ಲ' ಎನ್ನುವ ಎರರ್. ಹ್ಯಾಶ್ ಮಾಡಿಟ್ಟ (ಗುರುತು ಸಿಗದ ಸಂಕೇತವಾಗಿ ಬದಲಿಸಿಟ್ಟ) ಪಾಸ್‌ವರ್ಡ್, ಸಹಿ ಮಾಡಿದ ಪಠ್ಯ ಇವುಗಳಿಗೂ ಇದೇ ಮಾತು: ಮೂಲದ ಒಂದು ಬೈಟ್ ಬದಲಾದರೂ ತಾಳೆಯಾಗುವುದಿಲ್ಲ.

ಆ ದಿನ ಹಿಡಿದ ದಾರಿ ಹೀಗಿತ್ತು. ಮೂಲ ಶೀರ್ಷಿಕೆಯ ಪಕ್ಕದಲ್ಲಿ ಹುಡುಕಾಟಕ್ಕೆಂದೇ ಹೊಸ ಕಾಲಂ. ಡೇಟಾ ಒಳಗೆ ಬರುವ ಬಾಗಿಲುಗಳಲ್ಲೆಲ್ಲ, ಅಂದರೆ ಫಾರ್ಮ್, ಇಂಪೋರ್ಟ್, ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕಳಿಸುವ ದಾರಿ) ಮೂರರಲ್ಲೂ, ಶೀರ್ಷಿಕೆಯನ್ನು ಎನ್‌ಎಫ್‌ಸಿಗೆ ತಿರುಗಿಸುವ ಒಂದೇ ಫಂಕ್ಷನ್ ಆ ಕಾಲಂ ತುಂಬಬೇಕು. ಹುಡುಕುವವರು ಬರೆದ ಪದವೂ ಅದೇ ಫಂಕ್ಷನ್‌ನಿಂದ ಹಾದುಬರಬೇಕು. ಇದನ್ನು ಮರೆತರೆ ಅರ್ಧ ಕೆಲಸ ಮಾತ್ರ ಆದಂತೆ. ಹೀಗೆ ಒಂದೇ ರೂಪಕ್ಕೆ ತಿರುಗಿಸುವುದಕ್ಕೆ ನಾರ್ಮಲೈಸ್ ಎಂದು ಹೆಸರು: ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್, ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ಗೇ ಇರುವ ನಾರ್ಮಲೈಸ್, ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ಅದೇ ಹೆಸರಿನ ಫಂಕ್ಷನ್. ಸ್ವಂತವಾಗಿ ಹುಡುಕಿ-ಬದಲಿಸುವ ಕೋಡ್ ಬರೆಯುವ ಅಗತ್ಯವೇ ಇಲ್ಲ.

ಹಳೆಯ ಸಾಲುಗಳನ್ನು ತುಂಬುವ ಮುಂಚೆ ಏನನ್ನೂ ಬರೆಯದೆ ಬರೀ ಎಣಿಸುವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡಿಸಬೇಕು: ಎಷ್ಟು ಸಾಲಿನಲ್ಲಿ ಮೂಲಕ್ಕೂ ನಾರ್ಮಲೈಸ್ ಆದದ್ದಕ್ಕೂ ವ್ಯತ್ಯಾಸವಿದೆ, ಮತ್ತು ತಿರುಗಿಸಿದ ಮೇಲೆ ಎಷ್ಟು ಜೋಡಿ ಒಂದೇ ಆಗುತ್ತವೆ. ಎರಡನೆಯದು ಮುಖ್ಯ. ಆ ಕಾಲಂ ಮೇಲೆ ಒಂದೇ ಹೆಸರು ಎರಡು ಸಲ ಬರಬಾರದೆಂಬ ಯೂನಿಕ್ ನಿಯಮವಿದ್ದರೆ ಮೊದಲ ಡಿಕ್ಕಿಯಲ್ಲೇ ಮೈಗ್ರೇಶನ್, ಅಂದರೆ ಹಳೆಯ ಸಾಲುಗಳನ್ನು ತಿರುಗಿಸುವ ಕೆಲಸ, ನಿಲ್ಲುತ್ತದೆ. ನಿಯಮವಿಲ್ಲದಿದ್ದರೆ ಇನ್ನೂ ಕಷ್ಟ, ಒಂದೇ ಹೆಸರಿನ ಎರಡು ದಾಖಲೆ ಸದ್ದಿಲ್ಲದೆ ಉಳಿದುಬಿಡುತ್ತವೆ.

ಟೆಸ್ಟ್ ಬರೆಯುವಾಗಲೂ ಒಂದು ಎಚ್ಚರ. ಟೆಸ್ಟ್ ಕಡತದಲ್ಲಿ 'ಕೋಶ' ಎಂದು ಎರಡು ಸಲ ಅಕ್ಷರದಲ್ಲೇ ಬರೆದರೆ ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ನಾಳೆ ಯಾರೋ ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಟೆಸ್ಟ್ ಮಾತ್ರ ಹಸಿರಾಗಿಯೇ, ಅಂದರೆ ಪಾಸಾಗಿಯೇ, ಇರುತ್ತದೆ. ಹಾಗಾಗಿ ಸಂಖ್ಯೆಗಳಿಂದ ಪದ ಕಟ್ಟಬೇಕು: ಒಂದು ಮೂರು ಸಂಖ್ಯೆಯದು, ಇನ್ನೊಂದು ಐದು ಸಂಖ್ಯೆಯದು.

ಎಲ್ಲ ಮುಗಿಯಿತು ಎಂದುಕೊಂಡ ಹೊತ್ತಿಗೆ, ಸಂಜೆ, ಕೆಲವು ಪದ ಇನ್ನೂ ಸಿಗಲಿಲ್ಲ. 'ಸಾಫ್ಟ್‌ವೇರ್' ಅದರಲ್ಲೊಂದು. ಇಲ್ಲಿ ತೊಂದರೆ ಬೇರೆ. ಟ್ ಕೆಳಗೆ ವ ಒತ್ತಾಗದಂತೆ ತಡೆಯಲು ನಡುವೆ 8204 ಎಂಬ, ಕಣ್ಣಿಗೆ ಕಾಣದ ಅಕ್ಷರ ಹಾಕುತ್ತೇವೆ. 'ರ‍್ಯಾಂಕ್' ಪದದಲ್ಲಿ ರ ಅರ್ಕಾವತ್ತಾಗಿ ಮುಂದಕ್ಕೆ ಹೋಗದೆ ಪೂರ್ಣವಾಗಿ ನಿಲ್ಲಲು 8205 ಬೇಕು. ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ, ಕೆಲವು ಕೀಬೋರ್ಡ್‌ಗಳು ತಾವೇ ಸೇರಿಸುತ್ತವೆ. ನಾರ್ಮಲೈಸೇಶನ್ ಈ ಎರಡನ್ನೂ ಮುಟ್ಟುವುದಿಲ್ಲ. ಪದದ ಕೊನೆಯಲ್ಲಿ ಉಳಿದುಕೊಂಡ 8204 ಅನ್ನು ಖಾಲಿ ಜಾಗ ಕತ್ತರಿಸುವ ಫಂಕ್ಷನ್‌ಗಳೂ ತೆಗೆಯುವುದಿಲ್ಲ, ಅದು ಖಾಲಿ ಜಾಗದ ಲೆಕ್ಕಕ್ಕೇ ಬರುವುದಿಲ್ಲ. ಹುಡುಕಾಟದ ಕಾಲಂನಲ್ಲಿ ಮಾತ್ರ ಎರಡನ್ನೂ ಅಳಿಸಬೇಕು. ಮೂಲದಲ್ಲಿ ಅಳಿಸಿದರೆ ಬರೆದವರು ಉದ್ದೇಶಪಟ್ಟು ಉಳಿಸಿಕೊಂಡ ರೂಪವೇ ಕೆಡುತ್ತದೆ, ಅದು ನಮ್ಮ ಅಧಿಕಾರವಲ್ಲ.

ಪಟ್ಟಿಯಲ್ಲಿ ಉದ್ದದ ಶೀರ್ಷಿಕೆಗಳನ್ನು 20 ಅಕ್ಷರಕ್ಕೆ ಕತ್ತರಿಸುವ ಕೋಡ್ ಅದೇ ಹೊತ್ತಿಗೆ ಕಣ್ಣಿಗೆ ಬಿತ್ತು. ಒಡೆದ ರೂಪದಲ್ಲಿ ಕತ್ತರಿ ನಡುವೆ ಬಿದ್ದರೆ 'ಕೋ' ಹೋಗಿ 'ಕೆ' ಉಳಿಯುತ್ತದೆ. ಕೂಡಿಸಿದ ರೂಪದಲ್ಲೂ 'ಕನ್ನಡ' ಎಂಬುದು ಐದು ಸಂಖ್ಯೆ, ಮೂರನೆಯದರ ನಂತರ ಕತ್ತರಿಸಿದರೆ 'ಕನ್' ಆಗುತ್ತದೆ. ಒತ್ತಕ್ಷರ ಒಡೆಯದಂತೆ ಕಾಯುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಸೇರಿದಂತೆ ಆರು ಲಿಪಿಗಳಿಗೆ ಬಂತು, ಆ ಆರರಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಲೈಬ್ರರಿಯನ್ನು ನಂಬಿ ಕೂರದೆ, ಕತ್ತರಿಸುವ ಜಾಗದ ಹಿಂದಿನ ಸಂಖ್ಯೆ 3277, ಅಂದರೆ ವ್ಯಂಜನವನ್ನು ಅರ್ಧ ಮಾಡುವ ಹಲಂತ ಚಿಹ್ನೆ, ಆಗಿದ್ದರೆ ಇನ್ನೂ ಹಿಂದಕ್ಕೆ ಸರಿಯುವಂತೆ ಬರೆದದ್ದಾಯಿತು. ಮುಂದಿನದು ಸ್ವರ ಚಿಹ್ನೆಯಾಗಿದ್ದರೂ ಹಾಗೆಯೇ.

ಎಣಿಸುವ ಕ್ವೆರಿ ಕೊನೆಗೆ ಮೂರು ಜೋಡಿ ತೋರಿಸಿತು. ಎರಡು ಜೋಡಿಯಲ್ಲಿ ಕಡತದ ಚೆಕ್‌ಸಮ್ (ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು) ಒಂದೇ, ಅವನ್ನು ಸೇರಿಸಿದ್ದಾಯಿತು. ಮೂರನೆಯದರಲ್ಲಿ ಹೆಸರು ಒಂದೇ, ಕಡತ ಬೇರೆ. ಅದನ್ನು ಹಾಗೇ ಬಿಟ್ಟು, ಎರಡೂ ಸಾಲಿನ ಸಂಖ್ಯೆ ಬರೆದು, ಬೆಳಿಗ್ಗೆ ದೂರು ಕೊಟ್ಟವರಿಗೇ ಟಿಕೆಟ್ ಹಿಂದಕ್ಕೆ ಹೋಯಿತು: ಯಾವುದು ಯಾವ ಕಡತ ಎಂದು ನೀವೇ ತೆರೆದು ನೋಡಿ ಹೇಳಬೇಕು.