ನಾಲ್ಕನೇ ಲೆವೆಂಟ್‌ನ ಒಂದು ಬೀದಿ, ಓಸ್ಮಾನ್‌ಬೆಯ ಒಂದು ಗೋದಾಮು

ಇಸ್ತಾಂಬುಲ್‌ಗೆ ಹೋದವರೆಲ್ಲ ಆಯಾ ಸೋಫಿಯಾ, ನೀಲಿ ಮಸೀದಿ, ಗ್ರ್ಯಾಂಡ್ ಬಜಾರ್ ಬಗ್ಗೆ ಬರೆದೇ ಬರೆಯುತ್ತಾರೆ. ನಾನೂ ನೋಡಿದೆ. ಮಸೀದಿಗಳು ಚೆಂದ, ಬಜಾರ್ ಮಾತ್ರ ಸುಮ್ನೆ ನೂಕುನುಗ್ಗಲು. ಅದನ್ನೆಲ್ಲ ಇಲ್ಲಿಗೇ ಬಿಡುತ್ತೇನೆ. ನನ್ನ ತಲೆಯಲ್ಲಿ ಉಳಿದಿರುವುದು ಯಾವ ಗೈಡೂ ತೋರಿಸದ ಒಂದು ಬೀದಿ.

2018ರ ಅಕ್ಟೋಬರ್ 2ರಂದು ಸೌದಿ ಸರ್ಕಾರವನ್ನು ಟೀಕಿಸುತ್ತಿದ್ದ ಸೌದಿ ಪತ್ರಕರ್ತ ಜಮಾಲ್ ಖಶೋಗಿ ಇಲ್ಲಿನ ಸೌದಿ ಕಾನ್ಸುಲೇಟ್, ಅಂದರೆ ಆ ದೇಶದ ಸರ್ಕಾರಿ ಕಚೇರಿಯ ಒಳಗೆ ಹೋಗಿ ಹೊರಗೆ ಬರಲೇ ಇಲ್ಲ, ನೆನಪಿದೆಯಲ್ವಾ? ಆ ಕಟ್ಟಡ ಇದ್ದದ್ದು ಈ ಬೀದಿಯಲ್ಲಿ. ಅಲ್ಲಿಗೆ ಹೋಗಬೇಕೆನಿಸಿದರೆ ದಯವಿಟ್ಟು ಟ್ಯಾಕ್ಸಿ ಹತ್ತಬೇಡಿ. ನನ್ನನ್ನು ಕೂರಿಸಿಕೊಂಡವನು ಊರೆಲ್ಲ ಸುತ್ತಿಸಿ, ಒಂದು ಮಾಲ್ ಮುಂದೆ ಇಳಿಸಿ, ಇದೇ ಲೆವೆಂಟ್ ಅಂತ ಹೇಳಿ, ಮೀಟರ್‌ಗಿಂತ ಜಾಸ್ತಿ ಕಿತ್ತುಕೊಂಡು ಹೋದ. ಈಗಲೂ ಹೊಟ್ಟೆ ಉರಿಯುತ್ತದೆ. ಎಂ2 ಮೆಟ್ರೋ ಹಿಡಿಯಿರಿ. ಲೆವೆಂಟ್ ಸ್ಟೇಷನ್‌ನಲ್ಲಿ ಏಳಬೇಡಿ, ಅದರ ಮುಂದಿನದು ನಾಲ್ಕನೇ ಲೆವೆಂಟ್, ಅಲ್ಲಿ ಇಳಿಯಿರಿ.

ಬೀದಿ ತೀರಾ ಸಪ್ಪೆ. ಮರಗಳು, ಮನೆಗಳು, ಸಾಲಾಗಿ ನಿಂತ ಕಾರುಗಳು. ಇಲ್ಲಿ ಅಂಥದ್ದು ನಡೆಯಿತು ಅಂದರೆ ನಂಬುವುದೇ ಕಷ್ಟ. ಮದುವೆಗೆ ಬೇಕಾದ ಒಂದು ಕಾಗದಕ್ಕಾಗಿ ಖಶೋಗಿ ಒಳಗೆ ಹೋಗಿದ್ದರು. ಅವರನ್ನು ಮದುವೆಯಾಗಬೇಕಿದ್ದ ಹತೀಜೆ ಜೆಂಗಿಜ್, ಖಶೋಗಿಯ ಫೋನ್‌ಗಳನ್ನು ಕೈಯಲ್ಲಿ ಹಿಡಿದು ರಾತ್ರಿಯವರೆಗೂ ಹೊರಗೆ ಕಾದರು. ಅವರು ಎಲ್ಲಿ ನಿಂತಿದ್ದಿರಬಹುದು ಅಂತ ಯೋಚಿಸುತ್ತಾ ನಾನೂ ಸ್ವಲ್ಪ ಹೊತ್ತು ನಿಂತೆ. ಅಲ್ಲಿ ಮಾಡಲು ಬೇರೇನೂ ಇಲ್ಲ.

ಅಲ್ಲಿ ನಿಂತಾಗ ಒಂದು ವಿಷಯ ತಲೆ ಕೊರೆಯಿತು. ಬೀದಿ ಟರ್ಕಿಯದು, ಆದರೆ ಬಾಗಿಲು ದಾಟಿ ಒಳಗೆ ಕಾಲಿಡಲು ಟರ್ಕಿಯ ಪೊಲೀಸರು ಸೌದಿಯವರ ಒಪ್ಪಿಗೆಗೆ ಕಾಯಬೇಕಿತ್ತು. 1963ರ ವಿಯೆನ್ನಾ ಒಪ್ಪಂದ ಹಾಗೆ ಹೇಳುತ್ತದೆ. ಕಾನ್ಸುಲೇಟ್‌ನಲ್ಲಿ ಕೆಲಸ ಮಾಡುವವರು ಭಯವಿಲ್ಲದೆ ಇರಲಿ ಅಂತ ಮಾಡಿದ ನಿಯಮ ಅದು. ಪೊಲೀಸರು ಒಳಗೆ ಹೋಗುವಷ್ಟರಲ್ಲಿ ಅಕ್ಟೋಬರ್ 15 ಆಗಿತ್ತು. ಖಶೋಗಿ ಹೊರಟು ಹೋದರು ಅಂತ ಮೊದಲು ಸಾಧಿಸಿದ ಸೌದಿ, ಆಮೇಲೆ ಒಳಗೆ ಜಗಳವಾಗಿ ಸತ್ತರು ಅಂದಿತು. ದೇಹ ಇವತ್ತಿಗೂ ಸಿಕ್ಕಿಲ್ಲ.

ಅಲ್ಲಿಂದ ಅದೇ ಮೆಟ್ರೋ ಹಿಡಿದು ಓಸ್ಮಾನ್‌ಬೆಗೆ ಬಂದೆ. ಸಗಟು ಬಟ್ಟೆ ವ್ಯಾಪಾರದ ಜಾಗ ಅದು. ಸ್ನೇಹಿತೆಯೊಬ್ಬರಿಗೆ ಗುರುತಿದ್ದ ವ್ಯಾಪಾರಿಯೊಬ್ಬರನ್ನು ಭೇಟಿಯಾಗಬೇಕಿತ್ತು. ಅರವತ್ತರ ಹತ್ತಿರದವರು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಸಣ್ಣ ಗಾಜಿನ ಲೋಟದಲ್ಲಿ ಕಡು ಚಹಾ ಕೊಟ್ಟು, ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರು. ಹೇಳಿದೆ. ನಕ್ಕರು, ಆದರೆ ಖುಷಿಯ ನಗೆಯಲ್ಲ.

"ಆ ಬೀದಿಯ ಬಿಲ್ಲು ನಾನೂ ಕಟ್ಟಿದ್ದೇನೆ" ಅಂದರು.

ಅವರ ಮಾಲು ಜಾಸ್ತಿ ಹೋಗುತ್ತಿದ್ದದ್ದೇ ಸೌದಿಗೆ. ಕೊಲೆಯ ಆದೇಶ ಸೌದಿ ಸರ್ಕಾರದ ಅತ್ಯುನ್ನತ ಮಟ್ಟದಿಂದಲೇ ಬಂತು ಅಂತ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಬಹಿರಂಗವಾಗಿ ಹೇಳಿದ್ದರು. ಸಂಬಂಧ ಹಳಸುತ್ತಾ ಹೋಯಿತು. ಕತಾರ್, ಲಿಬಿಯಾದಂಥ ಬೇರೆ ಜಗಳಗಳೂ ಇದ್ದವು ಅನ್ನಿ. 2020ರಲ್ಲಿ ಸೌದಿಯಲ್ಲಿ ಟರ್ಕಿ ಮಾಲಿಗೆ ಬಹಿಷ್ಕಾರ ಶುರುವಾಯಿತು. ಸರ್ಕಾರದ ಆದೇಶ ಅಂತ ಎಲ್ಲೂ ಇಲ್ಲ, ಆದರೆ ಸೌದಿಗೆ ಹೋಗುತ್ತಿದ್ದ ಟರ್ಕಿಯ ರಫ್ತು ಸುಮಾರು ಶೇ. 90ರಷ್ಟು ಬಿದ್ದುಹೋಯಿತು. "ಪೆಟ್ಟಿಗೆಗಳು ಬಂದರಿನಲ್ಲೇ ಕೊಳೆತವು. ಯಾರನ್ನು ಕೇಳಿದರೂ ನಮಗೆ ಗೊತ್ತಿಲ್ಲ ಅನ್ನೋರು."

2022ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್ ಕೋರ್ಟು, 26 ಸೌದಿ ಆರೋಪಿಗಳ ಗೈರುಹಾಜರಿಯಲ್ಲಿ ನಡೆಯುತ್ತಿದ್ದ ವಿಚಾರಣೆ ನಿಲ್ಲಿಸಿ ಕೇಸನ್ನು ಸೌದಿಗೇ ಕಳಿಸಿತು. ಅದೇ ತಿಂಗಳ ಕೊನೆಗೆ ಎರ್ಡೊಗಾನ್ ಸೌದಿಯ ಜಿದ್ದಾಕ್ಕೆ ಹೋದರು. ಜೂನ್‌ನಲ್ಲಿ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಅಂಕಾರಾಕ್ಕೆ ಬಂದರು. ಆರ್ಡರ್‌ಗಳು ಮತ್ತೆ ಬರತೊಡಗಿದವು.

ನಾನು ಬಿಡಲಿಲ್ಲ. ಕೇಸನ್ನು ಆರೋಪಿಗಳ ಮನೆಗೇ ಕಳಿಸಿದ ಹಾಗಲ್ವಾ ಇದು ಅಂತ ಕೇಳಿದೆ. ಇಷ್ಟು ಮಾತಾಡಿದ ಟರ್ಕಿಯೇ ಕೊಲೆಯಾದ 2018ರಲ್ಲಿ 68 ಪತ್ರಕರ್ತರನ್ನು ಜೈಲಲ್ಲಿಟ್ಟು ಜಗತ್ತಿಗೆಲ್ಲ ಮೊದಲ ಸ್ಥಾನದಲ್ಲಿತ್ತು, ಹಾಗಂತ ಪತ್ರಕರ್ತರ ರಕ್ಷಣಾ ಸಮಿತಿಯೇ ಲೆಕ್ಕ ಕೊಟ್ಟಿದೆ ಅಂತಲೂ ಅಂದೆ. ಅತಿಥಿಯಾಗಿ ಹೋಗಿ ಆಡುವ ಮಾತಲ್ಲ, ಆದರೂ ಬಾಯಿಗೆ ಬಂದುಬಿಟ್ಟಿತು.

ಅವರು ಸಿಟ್ಟಾಗಲಿಲ್ಲ. "ಸರಿ, ಬೇರೆ ಯಾವ ದೇಶ ಕೊನೆವರೆಗೂ ನಿಂತಿತು, ಹೇಳಿ" ಅಂದರು.

ಜರ್ಮನಿ ಸೌದಿಗೆ ಆಯುಧ ಕೊಡುವುದನ್ನು ನಿಲ್ಲಿಸಿತ್ತಲ್ಲ ಅಂದೆ. "ಅವರ ಚಾನ್ಸಲರ್ 2022ರ ಸೆಪ್ಟೆಂಬರ್‌ನಲ್ಲಿ ಜಿದ್ದಾದಲ್ಲೇ ಇದ್ದರು. ರಷ್ಯಾದ ಅನಿಲ ನಿಂತುಹೋಗಿತ್ತು ನೋಡಿ." ಅಮೆರಿಕ 2021ರಲ್ಲಿ 76 ಸೌದಿಯವರಿಗೆ ವೀಸಾ ನಿರ್ಬಂಧ ಹಾಕಿತು ಅಂದೆ. ಆ ಪಟ್ಟಿಯಲ್ಲಿ ಯುವರಾಜರ ಹೆಸರಿತ್ತಾ ಅಂತ ಕೇಳಿದರು. ಇರಲಿಲ್ಲ. ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟದ್ದು ಅವರೇ ಅಂತ ಅಮೆರಿಕದ ಗುಪ್ತಚರ ವರದಿ ಹೇಳಿದ್ದು ಅದೇ ದಿನ. ಮರುವರ್ಷ ಜುಲೈನಲ್ಲಿ ಬೈಡನ್ ಜಿದ್ದಾಕ್ಕೆ ಹೋಗಿ ಅದೇ ಯುವರಾಜರಿಗೆ ಮುಷ್ಟಿ ತಾಗಿಸಿದ ಫೋಟೋ ನೀವೂ ನೋಡಿರುತ್ತೀರಿ.

ಹಾಗಾದರೆ ಕೇಸು ಹೋದದ್ದು ಸರಿಯೇ ಅಂತ ಕೊನೆಗೆ ನೇರವಾಗಿ ಕೇಳಿದೆ. ಅವರು ಬಿಲ್ ಪುಸ್ತಕ ಪಕ್ಕಕ್ಕಿಟ್ಟರು. "ಸರಿ ಅಂತ ನಾನೆಲ್ಲಿ ಅಂದೆ? ಕೇಸು ಇಲ್ಲೇ ನಡೆದಿದ್ದರೆ ಎರಡು ವರ್ಷದಲ್ಲಿ ನಾನು ಮನೆಗೆ ಕಳಿಸಿದ ಹನ್ನೊಂದು ಹೆಣ್ಣುಮಕ್ಕಳ ಸಂಬಳ ಯಾರು ಕೊಡುತ್ತಿದ್ದರು ಅಂತ ಮಾತ್ರ ಕೇಳುತ್ತಿದ್ದೇನೆ. ಸರ್ಕಾರ ಅದನ್ನೂ ಹೇಳಲಿಲ್ಲ, ಕೇಸು ಯಾಕೆ ಕಳಿಸಿದೆವು ಅಂತಲೂ ನೆಟ್ಟಗೆ ಹೇಳಲಿಲ್ಲ." ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೂ ಕೇಸು ಕಳಿಸಿದ್ದನ್ನು ನಾನು ಒಪ್ಪಲಿಲ್ಲ, ಅದನ್ನು ಅವರಿಗೆ ಹೇಳಿಯೇ ಎದ್ದೆ.