ಬಿಲಿಯರ್ಡ್ಸ್ ಕೋಣೆಗೆ ಹಳೇ ಕುರ್ಚಿ: ಮರಕ್ಕಿಂತ ಮೊದಲು ಕಾಲು ನೋಡಿ

ಶಿವಮೊಗ್ಗದಲ್ಲಿ ಹಳೇ ಮರದ ಸಾಮಾನು ಕೊಂಡು, ರಿಪೇರಿ ಮಾಡಿಸಿ, ಬೇಕಾದವರಿಗೆ ಹೊಂದಿಸಿಕೊಡುವುದು ನನ್ನ ಕೆಲಸ. ಕಪಾಟು, ಮಂಚ, ತೊಟ್ಟಿಲಿನ ಗಿರಾಕಿಗಳೇ ಜಾಸ್ತಿ. ಈಚೆಗೆ ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ ಕಡೆಯ ತೋಟದ ಮನೆಯವರು, ಹೋಂಸ್ಟೇ ನಡೆಸುವವರು ಬಿಲಿಯರ್ಡ್ಸ್ ಜಾತಿಯದೇ ಆಟವಾದ ಸ್ನೂಕರಿನ ಟೇಬಲ್ ಹಾಕಿಸಿಕೊಂಡು, ಆಟ ನೋಡುವವರಿಗೆ ಕುರ್ಚಿ ಬೇಕು ಅಂತ ಬರುತ್ತಿದ್ದಾರೆ. ಎಲ್ಲೋ ಕಂಡ ಕುರ್ಚಿಯ ಫೋಟೋ ತೋರಿಸಿ ‘ಇದು ಬೀಟೆ ಹೌದಾ?’ ಅಂತ ಕೇಳುತ್ತಾರೆ. ನಾನು ಕೇಳುವುದು ‘ಸೀಟು ನೆಲದಿಂದ ಎಷ್ಟು ಇಂಚಿದೆ?’ ಅಂತ.

ದೊಡ್ಡ ಸ್ನೂಕರ್ ಟೇಬಲ್ಲಿನ ಅಂಚು ನೆಲದಿಂದ ಸುಮಾರು 34 ಇಂಚು ಎತ್ತರ. ಊಟದ ಮೇಜಿನ ಕುರ್ಚಿಯ ಸೀಟು 17-18 ಇಂಚು. ಅದರಲ್ಲಿ ಕೂತವರ ಕಣ್ಣು ಹೆಚ್ಚೆಂದರೆ 48 ಇಂಚಿಗೆ ಬರುತ್ತದೆ, ಅಂದರೆ ಟೇಬಲ್ಲಿನ ಅಂಚಿಗಿಂತ ಒಂದಡಿ ಚಿಲ್ಲರೆ ಮೇಲೆ. ಅಲ್ಲಿಂದ ನೋಡಿದರೆ ಚೆಂಡುಗಳು ಒಂದರ ಹಿಂದೊಂದು ಮರೆಯಾಗುತ್ತವೆ. ಈಚೆ ಬದಿಯ ಕುಶನ್‌ಗೆ, ಅಂದರೆ ಟೇಬಲ್ಲಿನ ಒಳ ಅಂಚಿನ ರಬ್ಬರ್ ಪಟ್ಟಿಗೆ, ಅಂಟಿ ನಿಂತ ಚೆಂಡಿನ ನೆತ್ತಿಯಷ್ಟೇ ಕಾಣುತ್ತದೆ. ಆಟ ಅರ್ಥವಾಗುವುದು ಚೆಂಡುಗಳ ನಡುವಿನ ಜಾಗ ಕಂಡಾಗ. ಅದಕ್ಕೇ ನೋಡುಗರ ಕುರ್ಚಿಗೆ 28ರಿಂದ 30 ಇಂಚಿನ ಸೀಟು, ಅಷ್ಟೆತ್ತರದಲ್ಲಿ ಕಾಲು ನೇತಾಡದ ಹಾಗೆ ಸೀಟಿನಿಂದ 17-18 ಇಂಚು ಕೆಳಗೆ ಕಾಲಿಡುವ ಪಟ್ಟಿ. ಇಂಗ್ಲಿಷರ ಬಿಲಿಯರ್ಡ್ಸ್ ಕೋಣೆಗಳಲ್ಲಿ ಇದೇ ಕೆಲಸವನ್ನು ಇನ್ನೊಂದು ರೀತಿ ಮಾಡುತ್ತಿದ್ದರು: ಗೋಡೆಯುದ್ದಕ್ಕೂ ಕಟ್ಟೆ ಎತ್ತರಿಸಿ ಅದರ ಮೇಲೆ ಉದ್ದನೆ ಬೆಂಚು. ಜಗಲಿ ಮೇಲೆ ಕೂತು ಅಂಗಳದ ಯಕ್ಷಗಾನ ನೋಡಿದ ಹಾಗೆ. ಎತ್ತರದ ಒಂಟಿ ಕುರ್ಚಿ ಹೆಚ್ಚಾಗಿ ಅಮೆರಿಕದ ಪದ್ಧತಿ, ಬ್ರನ್ಸ್‌ವಿಕ್‌ನಂಥ ಟೇಬಲ್ ಕಂಪನಿಗಳು ಕುರ್ಚಿಯನ್ನೂ ಮಾಡುತ್ತಿದ್ದವು.

ಸ್ನೂಕರಿನ ನಿಯಮಗಳು 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ಬರಹಕ್ಕೆ ಇಳಿದವು ಎನ್ನುತ್ತಾರೆ. ಗುಡ್ಡಗಾಡಿನ ಪ್ಲಾಂಟರ್ ಕ್ಲಬ್ಬುಗಳಿಗೆ ಈ ಆಟ ಹೊಸದಲ್ಲ, ಹಾಗಾಗಿ ನಮ್ಮ ಕಡೆ ಹಳೇ ಕುರ್ಚಿ ಸಿಗುವುದೂ ಅಪರೂಪವಲ್ಲ. ಅಪರೂಪ ಏನೆಂದರೆ ಪೂರ್ತಿ ಕಾಲಿರುವ ಕುರ್ಚಿ. ಕ್ಲಬ್ಬಿನಿಂದ ಮನೆಗೆ ಬಂದ ಎತ್ತರದ ಕುರ್ಚಿಯನ್ನು ಜನ ಊಟದ ಮೇಜಿಗೆ ಸರಿಹೋಗಲೆಂದು ಕೊಯ್ಸಿಬಿಡುತ್ತಾರೆ. ಅದನ್ನು ಗುರುತಿಸುವುದು ಸುಲಭ. ಕಾಲಿಡುವ ಪಟ್ಟಿ ನೆಲದಿಂದ ಒಂದಡಿ ಆಸುಪಾಸು ಇರಬೇಕು. ನಾಲ್ಕೈದು ಇಂಚಿಗೇ ಬಂದಿದ್ದರೆ ಉಳಿದ ಕಾಲು ಯಾವುದೋ ಒಲೆಗೆ ಹೋಗಿದೆ ಎಂದೇ ಲೆಕ್ಕ. ಕುರ್ಚಿ ಮಗುಚಿ ಕಾಲಿನ ತುದಿ ನೋಡಿ. ಮೂಲದ ತುದಿ ವರ್ಷಗಟ್ಟಲೆ ನೆಲಕ್ಕೆ ಉಜ್ಜಿ ಅಂಚು ಮೊಂಡಾಗಿ, ಒರೆಸುವ ನೀರು ಕುಡಿದು ಕಪ್ಪಾಗಿರುತ್ತದೆ. ಕೊಯ್ದ ತುದಿಯಲ್ಲಿ ಗರಗಸದ ಗೆರೆ, ತಿಳಿ ಬಣ್ಣ. ಕಡೆಸಿದ ಕಾಲಾದರೆ ಕೆಳಗೆ ಸಣ್ಣದಾಗುತ್ತಾ ಬರುವ ಆಕಾರ ನಡುವಲ್ಲೇ ನಿಂತುಹೋಗಿರುತ್ತದೆ. ಕೊಯ್ದ ಕಾಲಿಗೆ ತುಂಡು ಸೇರಿಸಿ ಎತ್ತರ ಮಾಡಬಹುದು ಎನ್ನುವ ಆಚಾರಿಗಳಿದ್ದಾರೆ. ನಾನು ಮಾಡಿಸುವುದಿಲ್ಲ. ಎತ್ತರದ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಕೂತವರ ಭಾರವೆಲ್ಲ ಆ ಸೇರಿಕೆಯ ಮೇಲೇ ಬೀಳುತ್ತದೆ, ಬಿದ್ದರೆ ತಲೆಗೇ ಪೆಟ್ಟು.

ಬರೀ ಎತ್ತರದ ಬಾರ್ ಕುರ್ಚಿಯನ್ನು ‘ಬಿಲಿಯರ್ಡ್ಸ್ ಕುರ್ಚಿ’ ಅಂತ ಮಾರುವವರೂ ಇದ್ದಾರೆ. ಬಾರ್ ಕುರ್ಚಿಗೆ ಸಾಮಾನ್ಯವಾಗಿ ಕೈ ಇರುವುದಿಲ್ಲ. ನೋಡುಗರ ಕುರ್ಚಿಗೆ ಅಗಲದ ಕೈ, ಎಷ್ಟೋ ಸಲ ಅದರ ತುದಿಯಲ್ಲಿ ಕ್ಯೂ (ಚೆಂಡು ಹೊಡೆಯುವ ಕೋಲು) ಒರಗಿಸಿಡಲು ಅರ್ಧ ಚಂದ್ರಾಕಾರದ ಕಚ್ಚು. ಈ ಕಚ್ಚಿನೊಳಗೆ ಹೆಬ್ಬೆರಳು ಆಡಿಸಿ ನೋಡುವುದು ನನ್ನ ಅಭ್ಯಾಸ. ನಿಜವಾಗಿ ಬಳಸಿದ್ದಾದರೆ ಒಳಗೆ ನುಣುಪಾಗಿ, ಕೈಯ ಜಿಡ್ಡು, ಕ್ಯೂ ತುದಿಗೆ ಹಚ್ಚುವ ಚಾಕ್‌ಪುಡಿ ಕೂತು ಕಪ್ಪಾಗಿರುತ್ತದೆ. ಒಂದು ಬದಿ ಮಾತ್ರ ಹೆಚ್ಚು ಸವೆದಿರುತ್ತದೆ, ಯಾಕೆಂದರೆ ಕ್ಯೂ ಒರಗುವುದು ಒಂದೇ ಕಡೆಗೆ. ಆಮೇಲೆ ಕೊರೆದ ಕಚ್ಚು ಎಲ್ಲ ಕಡೆ ಒಂದೇ ಸಮ, ಅಂಚು ಚೂಪು. ಸೀಟಿನಡಿ ಬಿಳಿ ಬಣ್ಣದಲ್ಲಿ ಬರೆದ ಕ್ಲಬ್ಬಿನ ದಾಸ್ತಾನು ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿಯ ಚೀಟಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಚೀಟಿ ಯಾರು ಬೇಕಾದರೂ ಅಂಟಿಸಬಹುದು. ಸ್ಕ್ರೂ ನೋಡಿ: ಪ್ಲಸ್ ಗುರುತಿನ ಸ್ಕ್ರೂಗೆ ಪೇಟೆಂಟ್ ಆದದ್ದೇ 1936ರಲ್ಲಿ. ‘ನೂರಿಪ್ಪತ್ತು ವರ್ಷದ ಕುರ್ಚಿ’ಯ ತುಂಬ ಅದೇ ಇದ್ದರೆ, ಒಂದೋ ಮಾತು ಸುಳ್ಳು, ಇಲ್ಲಾ ಕುರ್ಚಿಯನ್ನು ಪೂರ್ತಿ ಬಿಚ್ಚಿ ಕಟ್ಟಿದ್ದಾರೆ.

ಕೊಳ್ಳುವ ಕಾಲವೂ ಮುಖ್ಯ, ಮಲೆನಾಡಿನಲ್ಲಂತೂ ತುಂಬಾ. ಆಷಾಢದ ಮಳೆಯಲ್ಲಿ ಮರ ನೀರು ಹೀರಿ ಉಬ್ಬಿರುತ್ತದೆ; ಸಡಿಲವಾದ ಜಾಯಿಂಟೂ ಬಿಗಿಯಾಗಿ ಕೂತು, ಕುರ್ಚಿ ಗಟ್ಟಿ ಅನಿಸುತ್ತದೆ. ಅದೇ ಕುರ್ಚಿ ಶಿವರಾತ್ರಿ ಹೊತ್ತಿಗೆ ಕಿರ್ ಕಿರ್ ಅನ್ನುತ್ತದೆ. ಅದಕ್ಕೆ ನಾನು ಫೆಬ್ರುವರಿ-ಮಾರ್ಚಿನಲ್ಲಿ ನೋಡಲು ಹೋಗುತ್ತೇನೆ. ಕೂತು ಎಡಕ್ಕೆ ಬಲಕ್ಕೆ ಭಾರ ಹಾಕಿ, ಕಿವಿ ಕೊಟ್ಟು ಕೇಳುತ್ತೇನೆ. ಬೇರೆ ಕುರ್ಚಿಗೆ ಸ್ವಲ್ಪ ಸದ್ದಿದ್ದರೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಆಟಗಾರ ಉಸಿರು ಬಿಗಿಹಿಡಿದು ಕ್ಯೂ ಎಳೆದಾಗ ಹಿಂದೆ ಕುರ್ಚಿ ಕಿರುಗುಟ್ಟಿದರೆ ಆ ಹೊಡೆತ ಹಾಳು. ಸರೇಸು (ಮರದ ಅಂಟು) ಬಿಟ್ಟ ಜಾಯಿಂಟನ್ನು ಬಿಚ್ಚಿ, ಹಳೆಯದನ್ನು ಬಿಸಿನೀರಲ್ಲಿ ತೊಳೆದು ಮತ್ತೆ ಕೂರಿಸಬಹುದು. ಮೇಲಿಂದ ಮೊಳೆ ಜಡಿದಿದ್ದರೆ ಬಿಚ್ಚುವಾಗ ಮರ ಸೀಳುತ್ತದೆ; ಅಂಥದ್ದನ್ನು ಬಿಟ್ಟು ಬರುತ್ತೇನೆ.

ಈಗ ಮರದ ಮಾತು. ಸೀಟಿನಡಿ ಕಾಣದ ಜಾಗದಲ್ಲಿ ಚಾಕುವಿನಿಂದ ಸ್ವಲ್ಪ ಹೆರೆದರೆ ಬೀಟೆ ಕಂದು-ನೇರಳೆ ಮೈಯಲ್ಲಿ ಕಪ್ಪು ಗೆರೆ ತೋರಿಸುತ್ತದೆ, ಸಿಹಿ ವಾಸನೆ ಬರುತ್ತದೆ. ಸಾಗುವಾನಿ ಕೈಗೆ ಜಿಡ್ಡು ಜಿಡ್ಡು, ಚರ್ಮದಂಥ ವಾಸನೆ. ಹೊನ್ನೆಯ ಹೊಟ್ಟನ್ನು ನೀರಿಗೆ ಹಾಕಿದರೆ ನೀರು ಹಳದಿಯಾಗಿ, ಬೆಳಕಿಗೆ ಹಿಡಿದಾಗ ನೀಲಿ ಹೊಳೆಯುತ್ತದೆ. ಕಾಫಿ ತೋಟದ ಸಿಲ್ವರ್ ಓಕಿಗೆ ಕಪ್ಪು ಬಣ್ಣ ಹೊಡೆದು ಬೀಟೆ ಅಂದರೂ, ಎತ್ತಿದಾಗ ತೂಕದಲ್ಲೇ ಗೊತ್ತಾಗುತ್ತದೆ. ಬೀಟೆ, ಸಾಗುವಾನಿ ಎಂದಾದರೆ ಬಿಲ್ ಇಲ್ಲದೆ ಗಾಡಿಗೆ ಹಾಕಬೇಡಿ, ಸಾಗಿಸುವ ಮೊದಲು ಅರಣ್ಯ ಇಲಾಖೆಯ ರೇಂಜ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಕುಟ್ಟೆ ಹುಳದ ತೂತು ಇದ್ದರೆ ಗಾಬರಿ ಬೇಡ. ಕುರ್ಚಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ. ಹೊಸ ಹಿಟ್ಟು ಉದುರಿದರೆ ಹುಳ ಒಳಗಿದೆ.

ಸೀಟಿಗೆ ಬೆತ್ತವೇ ನನ್ನ ಆಯ್ಕೆ. ಚರ್ಮ, ರೆಕ್ಸಿನ್ ಎರಡೂ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ, ಅದರಲ್ಲೂ ಟೇಬಲ್ಲಿನ ಬಟ್ಟೆಗೆ ತೇವ ತಾಗದಿರಲೆಂದು ಕಿಟಕಿ ಮುಚ್ಚಿಟ್ಟ ಕೋಣೆಯಲ್ಲಿ. ಹರಿದ ಬೆತ್ತ ಬೆಲೆ ಇಳಿಸುತ್ತದೆ, ಮತ್ತೆ ಹೆಣೆಸುವುದು ಕಷ್ಟವಲ್ಲ. ಚೌಕಟ್ಟಿನ ತೂತುಗಳ ನಡುವೆ ಮರ ಸೀಳಿಲ್ಲ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ಪಾಲಿಶ್ ತೀರ ಹೊಳೆಯುವುದು ಬೇಡ, ಟೇಬಲ್ ಮೇಲಿನ ದೀಪ ಕುರ್ಚಿಯ ಕೈಯಲ್ಲಿ ಮಿನುಗಿ ಆಟಗಾರನ ಕಣ್ಣಿಗೆ ಹೊಡೆಯುತ್ತದೆ.

ದುಡ್ಡು ಕೊಡುವ ಮುಂಚೆ ನಿಮ್ಮ ಕೋಣೆಯನ್ನೂ ಅಳೆಯಿರಿ. ಪೂರ್ತಿ ಅಳತೆಯ ಟೇಬಲ್ಲಿಗೆ, ಸುತ್ತ ಕ್ಯೂ ಆಡಿಸಲು ಜಾಗ ಬಿಟ್ಟರೆ, ಹತ್ತಿರ ಹತ್ತಿರ 22 ಅಡಿ ಉದ್ದ, 16 ಅಡಿ ಅಗಲ ಬೇಕು. ಕುರ್ಚಿಯ ಜಾಗ ಅದರ ಆಚೆಗೆ. ಅಷ್ಟು ಇಲ್ಲದಿದ್ದರೆ ಕುರ್ಚಿ ಮೂಲೆಗಳಿಗೆ ಮಾತ್ರ, ಎರಡು ಸಾಕು. ನಾಲ್ಕರ ಜೋಡಿ ಚೆನ್ನಾಗಿದೆ ಎಂದು ಅಷ್ಟನ್ನೂ ತಂದವರ ಮನೆಯಲ್ಲಿ ಎರಡು ಈಗ ವರಾಂಡದಲ್ಲಿ ಮಳೆಯ ಇರಚಲು ಹೊಡೆಸಿಕೊಳ್ಳುತ್ತಿವೆ. ಅವನ್ನು ವಾಪಸ್ ಕೊಡುವಂತೆ ನಾನು ಕೇಳುತ್ತಲೇ ಇದ್ದೇನೆ.